ಸೋದರಿಕೆಯ ಸಂಬಂಧವೂ ಒಂದು ವಂಶವಾಹಿಯೂ

ಕೃಷ್ಣೆ ತುಂಗಭದ್ರೆಗಳ ನಡುವಣ ಎರೆಭೂಮಿಯಲ್ಲಿ, ಮಾನ್ವಿ ಸೀಮೆಯ ಮಲ್ಲಟದಂತಹ ಗ್ರಾಮಗಳಲ್ಲಿ, ಅಕ್ಕನ ಮಗಳನ್ನು ತಮ್ಮನಿಗೂ ಸೋದರಮಾವನ ಮಗಳನ್ನು ಸೋದರಳಿಯನಿಗೂ ತಂದುಕೊಳ್ಳುವ ವಾಡಿಕೆಯು ನಿಜಾಮನ ಕಾಲಕ್ಕಾಗಲಿ, ರಾಯಚೂರ ಕೋಟೆಗಾಗಿ ವಿಜಯನಗರದ ಅರಸರು ಕಾದಾಡಿದ ಕಾಲಕ್ಕಾಗಲಿ ಹೊಸದಾಗಿರಲಿಲ್ಲ. ಮಾವನ ಮಗಳನ್ನೂ ಅತ್ತೆಯ ಮಗಳನ್ನೂ ವರಿಸುವುದು ದಾಕ್ಷಿಣಾತ್ಯರ ವಿಶೇಷಾಚಾರವೆಂದು ಬೌಧಾಯನನ ಧರ್ಮಸೂತ್ರವೇ ಎಣಿಸಿದೆ. 1955ರ ಹಿಂದೂ ವಿವಾಹ ಕಾಯಿದೆಯೂ ನಿಷಿದ್ಧ ಸಂಬಂಧಗಳನ್ನು ಪಟ್ಟಿಮಾಡಿ, ರೂಢಿಯು ಒಪ್ಪುವಲ್ಲಿ ತನ್ನ ತಡೆಯನ್ನು ಸಡಿಲಿಸಿತು.

ಮಳೆಯನ್ನು ನಂಬಿ ಬದುಕುವ ನಾಡಿನಲ್ಲಿ ಹೊಲ ಒಡೆಯದಂತೆ, ಕೊಟ್ಟ ಮಗಳು ಪರಕೀಯಳಾಗದಂತೆ ಕಾಯ್ದ ಈ ಆಚಾರವನ್ನು ಪಟ್ಟಣದ ವಿದ್ಯಾವಂತರು ಅಜ್ಞಾನವೆಂದು ತಳ್ಳಿಹಾಕುವುದು ನನಗೆ ಸರಿಕಾಣದು. ಪಟ್ಟಣವೂ ಅದರಿಂದ ದೂರವಿರಲಿಲ್ಲ. 1980ರ ದಶಕದಲ್ಲಿ ಬೆಂಗಳೂರು ಮೈಸೂರುಗಳ ಹೆರಿಗೆ ಆಸ್ಪತ್ರೆಗಳಲ್ಲಿ ಒಂದು ಲಕ್ಷಕ್ಕೂ ಮಿಕ್ಕ ತಾಯಂದಿರನ್ನು ವಿಚಾರಿಸಿದಾಗ, ಹತ್ತಿರ ಹತ್ತಿರ ಮೂರರಲ್ಲೊಂದು ಮದುವೆ ರಕ್ತಸಂಬಂಧದ್ದಾಗಿತ್ತು.

ಆದರೆ ಕೆಲವು ಮನೆಗಳಲ್ಲಿ ಶಿರಸ್ಸು ಕಿರಿದಾಗಿ, ಬುದ್ಧಿ ಬೆಳೆಯದೆ ಹುಟ್ಟುವ ಶಿಶುಗಳಿದ್ದವು. ಗ್ರಹಣವನ್ನೋ ಬಸುರಿಯ ನಡೆಯನ್ನೋ ಹಳಿದು ಜನ ಸುಮ್ಮನಾಗುತ್ತಿದ್ದರು, ಹೆತ್ತ ತಾಯಿ ಮಾತ್ರ ಸುಮ್ಮನಿರಲಾರಳು. ಇಂತಹ ಕುಟುಂಬಗಳನ್ನು ಅರಸಿ, ಭಾರತೀಯ ವಿಜ್ಞಾನ ಸಂಸ್ಥೆಯ ಅರುಣ್ ಕುಮಾರ್ ಅವರೂ ನಿಮ್ಹಾನ್ಸಿನ ಸತೀಶ್ ಗಿರಿಮಾಜಿ ಅವರೂ ಸಹೋದ್ಯೋಗಿಗಳೊಡನೆ ನಡೆಸಿದ ಶೋಧನೆಯಿಂದ, 2009ರಲ್ಲಿ, ಮೊದಲನೆಯ ವರ್ಣತಂತುವಿನಲ್ಲಿರುವ ‘ಎಸ್‌ಟಿಐಎಲ್’ ಎಂಬ ವಂಶವಾಹಿಯ ವಿಕೃತಿಯು ಈ ವ್ಯಾಧಿಗೆ ಕಾರಣವಾಗಬಲ್ಲುದೆಂದು ತಿಳಿದುಬಂತು. ಅದುವರೆಗೆ ಅದು ರಕ್ತದ ಕ್ಯಾನ್ಸರಿನ ಅಧ್ಯಯನದಲ್ಲಿ ಪರಿಚಿತವಾಗಿದ್ದ ಹೆಸರು.

ಜೀವಕೋಶಕ್ಕೆ ಆಕಾರವನ್ನೂ ಚಲನೆಯನ್ನೂ ಕೊಡುವ ಸೂಕ್ಷ್ಮನಾಳಿಕೆಗಳು, ಗುಡಾರದ ನಡುಗಂಬದಿಂದ ಹಗ್ಗಗಳು ಹರಡುವಂತೆ, ಸೆಂಟ್ರೋಸೋಮ್ ಎಂಬ ಕೇಂದ್ರದಿಂದ ಹರಡುತ್ತವೆ. ಕೋಶವು ಇಬ್ಭಾಗವಾಗುವ ಮುನ್ನ ಈ ಕೇಂದ್ರ ಇಮ್ಮಡಿಯಾಗಬೇಕು. ಅದಕ್ಕೆ ನೆರವಾಗುವುದು ಎಸ್‌ಟಿಐಎಲ್ ಪ್ರೋಟೀನು. ಅದು ಮೊಟಕಾದಾಗ ಗರ್ಭಸ್ಥ ಶಿಶುವಿನ ಮಿದುಳಿನ ಮೂಲಕೋಶಗಳು ಸಾಕಷ್ಟು ವೃದ್ಧಿಯಾಗವು.

ತಂದೆಯಿಂದೊಂದು ತಾಯಿಯಿಂದೊಂದು, ಹೀಗೆ ಎರಡೂ ಪ್ರತಿಗಳು ಕೆಟ್ಟಲ್ಲದೆ ರೋಗ ಕಾಣಿಸಿಕೊಳ್ಳದು. ಒಬ್ಬ ಅಜ್ಜನ ಅಥವಾ ಅಜ್ಜಿಯ ದೋಷ ಎರಡು ಕವಲುಗಳಲ್ಲಿ ಗುಪ್ತವಾಗಿ ಹರಿದು, ಸೋದರಿಕೆಯ ಮದುವೆಯಲ್ಲಿ ಮತ್ತೆ ಕೂಡುವ ಸಂಭವ ಹೆಚ್ಚು; ಆ ದೋಷವನ್ನು ಸೃಷ್ಟಿಸಿದ್ದು ಮಾತ್ರ ಮದುವೆಯಲ್ಲ.