ಜಾನಪದ ಸಂಶೋಧನಾ ವಿದ್ಯಾರ್ಥಿ ಮತ್ತು ಅಧ್ಯಾಪಕ ವೃತ್ತಿಯ ಸಿದ್ಧತೆ: ಒಂದು ಚಾರಿತ್ರಿಕ ನೋಟ

ಕನ್ನಡ ಜಾನಪದ ಅಧ್ಯಯನದ ಚರಿತ್ರೆಯನ್ನು ಸಂಗ್ರಹ, ಸಂಪಾದನೆ, ವಿಶ್ಲೇಷಣೆ ಎಂಬ ಘಟ್ಟಗಳಲ್ಲಿ ಗುರುತಿಸುವುದು ವಾಡಿಕೆ. ಈ ಕಾರ್ಯದಲ್ಲಿ ತೊಡಗಿದವರು ಅಧ್ಯಾಪಕ ಹುದ್ದೆಗೆ ಹೇಗೆ ಸಿದ್ಧರಾದರು ಎಂಬ ಪ್ರಶ್ನೆಗೆ ಮಾತ್ರ ಅಷ್ಟಾಗಿ ಗಮನ ಸಂದಿಲ್ಲ. ಹುದ್ದೆಯ ಅರ್ಹತೆಗಳು ಬದಲಾದಂತೆ ಸಂಶೋಧನೆಯ ಸ್ವರೂಪವೂ ಬದಲಾಗುವುದರಿಂದ ಈ ಪ್ರಶ್ನೆಯೂ ಜಾನಪದ ಅಧ್ಯಯನದ ಚರಿತ್ರೆಯ ಭಾಗವೇ ಆಗಿದೆ.

1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದ ಹಲಸಂಗಿ ಗೆಳೆಯರ ಮುಂದೆ ವಿಶ್ವವಿದ್ಯಾಲಯದ ಹುದ್ದೆಯ ಗುರಿ ಇರಲಿಲ್ಲ. ಜಾನಪದವು ಪದವಿಯ ವಿಷಯವಾದದ್ದು ಅನಂತರ. ಧಾರವಾಡದಲ್ಲಿ ಬಿ.ಎಸ್. ಗದ್ದಗಿಮಠರು ಜನಪದ ಗೀತೆಗಳನ್ನು ಕುರಿತು ಪಿಎಚ್.ಡಿ. ಪ್ರಬಂಧ ರಚಿಸಿದರು. ಮೈಸೂರಿನಲ್ಲಿ 1966ರಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಸ್ಥಾಪನೆಯಾದ ಮೇಲೆ ಜೀ.ಶಂ. ಪರಮಶಿವಯ್ಯನವರು ಜಾನಪದ ಬೋಧನೆಗೆ ಭದ್ರ ಬುನಾದಿ ಹಾಕಿದರು. ದಕ್ಷಿಣ ಕರ್ನಾಟಕದ ಜನಪದ ಕಾವ್ಯ ಪ್ರಕಾರಗಳನ್ನು ಕುರಿತ ಅವರ ಸಂಶೋಧನೆಗೆ ನೀಲಗಾರರು, ದೇವರ ಗುಡ್ಡರು, ಚೌಡಿಕೆಯವರು ಮೊದಲಾದ ವೃತ್ತಿಗಾಯಕರ ಒಡನಾಟವೇ ಆಧಾರವಾಯಿತು. ಆ ತಲೆಮಾರಿಗೆ ಕ್ಷೇತ್ರಕಾರ್ಯವೇ ವೃತ್ತಿಯ ಸಿದ್ಧತೆಯೂ ಆಗಿತ್ತು.

ಈ ಸ್ಥಿತಿಯನ್ನು ಬದಲಿಸಿದ್ದು ರಾಷ್ಟ್ರೀಯ ಅರ್ಹತಾ ಪರೀಕ್ಷೆ, ಅಂದರೆ ನೆಟ್. 1989ರಲ್ಲಿ ಆರಂಭವಾದ ಈ ಪರೀಕ್ಷೆಯನ್ನು ವಿಶ್ವವಿದ್ಯಾಲಯ ಧನಸಹಾಯ ಆಯೋಗವು 1991ರ ನಿಯಮಾವಳಿಯ ಮೂಲಕ ಉಪನ್ಯಾಸಕ ಹುದ್ದೆಗೆ ಕಡ್ಡಾಯಗೊಳಿಸಿತು. ಜನಪದ ಸಾಹಿತ್ಯಕ್ಕೆ ಇದರಲ್ಲಿ ಪ್ರತ್ಯೇಕ ವಿಷಯದ ಸ್ಥಾನ ದೊರೆತದ್ದು ಗಮನಾರ್ಹ. ಆದರೆ 2012ರ ಜೂನ್‌ನಿಂದ ಮೂರನೆಯ ಪತ್ರಿಕೆಯೂ ವಸ್ತುನಿಷ್ಠ ಮಾದರಿಗೆ ಬದಲಾಯಿತು. ಅಲ್ಲಿಯವರೆಗೆ ಅಭ್ಯರ್ಥಿಯು ತಾನು ಕೇಳಿದ ಪಠ್ಯವನ್ನು ವಿವರಿಸಿ ವಾದ ಕಟ್ಟಲು ಇದ್ದ ಅವಕಾಶ ಇದರಿಂದ ಇಲ್ಲವಾಯಿತು.

ಪಿಎಚ್.ಡಿ. ಪದವಿಯ ಬೆಲೆಯೂ ಸ್ಥಿರವಾಗಿ ಉಳಿಯಲಿಲ್ಲ. 2009ರ ನಿಯಮಾವಳಿಗೆ ಅನುಗುಣವಾಗಿ ಪದವಿ ಪಡೆದವರಿಗಷ್ಟೇ ನೆಟ್‌ನಿಂದ ವಿನಾಯಿತಿ ಎಂಬ ನಿಲುವನ್ನು ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ ಎತ್ತಿಹಿಡಿಯಿತು. ಅದಕ್ಕೂ ಮುಂಚೆ ನೋಂದಾಯಿಸಿಕೊಂಡಿದ್ದವರಿಗೆ 2016ರಲ್ಲಿ ಷರತ್ತುಬದ್ಧ ರಿಯಾಯಿತಿ ದೊರೆಯಿತು. ವಿಶ್ವವಿದ್ಯಾಲಯಗಳ ಸಹಾಯಕ ಪ್ರಾಧ್ಯಾಪಕರಿಗೆ 2021ರ ಜುಲೈನಿಂದ ಪಿಎಚ್.ಡಿ. ಕಡ್ಡಾಯವೆಂದು 2018ರ ನಿಯಮಾವಳಿ ವಿಧಿಸಿತು. ಆ ಗಡುವು 2023ರ ಜುಲೈಗೆ ಮುಂದೆ ಹೋಗಿ, ಅದೇ ತಿಂಗಳಲ್ಲಿ ಕಡ್ಡಾಯವೇ ರದ್ದಾಯಿತು. ಒಂದು ಮಹಾಪ್ರಬಂಧ ಸಿದ್ಧವಾಗುವ ಅವಧಿಯಲ್ಲಿಯೇ ಅರ್ಹತೆಯ ಅರ್ಥ ಎರಡು ಬಾರಿ ಬದಲಾಗಬಹುದೆಂಬುದಕ್ಕೆ ಈ ಬೆಳವಣಿಗೆಗಳೇ ಸಾಕ್ಷಿ.

2018ರ ನಿಯಮಾವಳಿಯು ವಿಶ್ವವಿದ್ಯಾಲಯಗಳಲ್ಲಿ ಸಂದರ್ಶನಕ್ಕೆ ಅಭ್ಯರ್ಥಿಗಳನ್ನು ಆಯ್ದುಕೊಳ್ಳಲು ನಿಗದಿಪಡಿಸಿದ ಅಂಕಗಳು ಇಲ್ಲಿ ಪರಿಶೀಲನಾರ್ಹ. ಪಿಎಚ್.ಡಿ.ಗೆ 30, ಕಿರಿಯ ಸಂಶೋಧನಾ ಶಿಷ್ಯವೇತನ ಸಹಿತ ನೆಟ್‌ಗೆ 7, ಬರಿಯ ನೆಟ್‌ಗೆ 5, ರಾಜ್ಯಮಟ್ಟದ ಪರೀಕ್ಷೆಗೆ 3 ಅಂಕಗಳು. ಪ್ರಕಟಣೆಗೆ ತಲಾ 2ರಂತೆ ಗರಿಷ್ಠ 10. ಬೋಧನಾನುಭವಕ್ಕೂ ವರ್ಷಕ್ಕೆ 2ರಂತೆ ಗರಿಷ್ಠ 10. ಧ್ವನಿಮುದ್ರಣ, ಪಠ್ಯಲಿಪೀಕರಣ, ಕಲಾವಿದರ ದಾಖಲಾತಿಗಳಿಗೆ ಪ್ರತ್ಯೇಕ ಅಂಕವಿಲ್ಲ. ರಾತ್ರಿಯಿಡೀ ಸಾಗುವ ಕಾವ್ಯವೊಂದನ್ನು ಅಕ್ಷರಕ್ಕಿಳಿಸಲು ತಿಂಗಳುಗಟ್ಟಲೆ ದುಡಿದವನಿಗೆ ಅದರಿಂದ ಹೊರಟ ಒಂದು ಲೇಖನಕ್ಕಷ್ಟೇ 2 ಅಂಕಗಳು ಸಲ್ಲುತ್ತವೆ.

ಕಾಲದ ಹಂಚಿಕೆಯಲ್ಲಿಯೂ ಇದೇ ಇಕ್ಕಟ್ಟು ಕಾಣುತ್ತದೆ. ಮಂಟೇಸ್ವಾಮಿ ಪರಂಪರೆಯ ಪ್ರಮುಖ ನೆಲೆಯಾದ ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರಿನಲ್ಲಿ ಬನದ ಹುಣ್ಣಿಮೆಗೆ ಜಾತ್ರೆ ಸೇರುತ್ತದೆ; 2024ರ ಡಿಸೆಂಬರ್ ಆವೃತ್ತಿಯ ನೆಟ್ ನಡೆದದ್ದೂ ಆ ಹುಣ್ಣಿಮೆ ಬಿದ್ದ 2025ರ ಜನವರಿಯಲ್ಲಿಯೇ. ಜಾತ್ರೆಯನ್ನು ತಪ್ಪಿಸಿಕೊಂಡ ಸಂಶೋಧಕ ಒಂದು ವರ್ಷ ಕಾಯಬೇಕು; ವಯಸ್ಸಾದ ಗಾಯಕ ಅಷ್ಟು ಕಾಲ ಉಳಿದಿರುತ್ತಾನೆಂಬ ಭರವಸೆ ಯಾರಿಗೂ ಇಲ್ಲ.

ಹಾಗೆಂದು ಪರೀಕ್ಷೆಯನ್ನು ಸಾರಾಸಗಟಾಗಿ ತಳ್ಳಿಹಾಕುವುದು ನ್ಯಾಯವಲ್ಲ. ಪರಿಚಯ, ಶಿಫಾರಸುಗಳ ಬಲವಿಲ್ಲದ ಹಳ್ಳಿಗಾಡಿನ ಮೊದಲ ತಲೆಮಾರಿನ ವಿದ್ಯಾರ್ಥಿಗೆ ಅದು ಎಲ್ಲರಿಗೂ ಸಮಾನವಾದ ಒಂದು ಅಳತೆಗೋಲು. 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿಗೆ ಏರಿದ ಕಿರಿಯ ಸಂಶೋಧನಾ ಶಿಷ್ಯವೇತನವೇ ಅನೇಕರ ಕ್ಷೇತ್ರಕಾರ್ಯಕ್ಕೆ ಊರುಗೋಲು. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ 2022ರಲ್ಲಿ ಲಿಖಿತ ಪರೀಕ್ಷೆ ನಡೆಯಿತು. ಇಂಥ ಅವಕಾಶ ಒದಗುವವರೆಗೆ ಅತಿಥಿ ಉಪನ್ಯಾಸಕನಾಗಿ ದುಡಿಯುವುದೇ ಬಹುತೇಕ ಪದವೀಧರರ ಪಾಡು.

ದೋಷವಿರುವುದು ಪರೀಕ್ಷೆಯ ಅಸ್ತಿತ್ವದಲ್ಲಲ್ಲ, ಕ್ಷೇತ್ರದ ದುಡಿಮೆ ಲೆಕ್ಕಕ್ಕೆ ಬಾರದಿರುವುದರಲ್ಲಿ. ಪರಿಶೀಲನೆಗೆ ಒಳಪಟ್ಟು ಗ್ರಂಥಾಲಯದಲ್ಲಿ ಠೇವಣಿಯಾದ ಕ್ಷೇತ್ರದಾಖಲೆಯನ್ನು ಪ್ರಕಟಣೆಗೆ ಸಮನಾಗಿ ಪರಿಗಣಿಸುವುದು ಜಾನಪದ ವಿಭಾಗಗಳು ಮುಂದಿಡಬೇಕಾದ ಕನಿಷ್ಠ ಬೇಡಿಕೆ. ಇಲ್ಲವಾದಲ್ಲಿ ಜಾನಪದ ಅಧ್ಯಾಪಕರು ಮುಂದೆಯೂ ನೇಮಕಗೊಳ್ಳುತ್ತಾರೆ; ಆದರೆ ಹಾಡುವವರ ಬಳಿಗೆ ಹೋಗಿ ಕುಳಿತವರು ಅವರಲ್ಲಿ ಎಷ್ಟು ಮಂದಿ ಎಂಬ ಪ್ರಶ್ನೆ ಉಳಿದೇ ಇರುತ್ತದೆ.