ಮುಂದಿನ ಸೀಟು ಖಾಲಿ

ಬಳ್ಳಾರಿ ರಸ್ತೆಯಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಧಾವಿಸುವ ನಾವು ಜಕ್ಕೂರಿನ ಹಳೆಯ ವಿಮಾನ ಮೈದಾನವನ್ನು ತಿರುಗಿಯೂ ನೋಡುವುದಿಲ್ಲ. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಅಲ್ಲಿ ಸರಕಾರಿ ವೈಮಾನಿಕ ತರಬೇತಿ ಶಾಲೆ ಆರಂಭವಾಯಿತು. 1949ರಲ್ಲಿ ಅಲ್ಲಿಂದ ತೇರ್ಗಡೆಯಾಗಿ ಹೊರಬಂದ ಮೊದಲ ಮಹಿಳೆ ಉಷಾ ಸುಂದರಂ.

ಅವರ ಪತಿ ಕ್ಯಾಪ್ಟನ್ ವಿ. ಸುಂದರಂ ಕೂಡ ಪೈಲಟ್. ಮುಂದೆ ಇಬ್ಬರೂ ಸೇರಿ ಡಿ ಹ್ಯಾವಿಲೆಂಡ್ ಡವ್ ವಿಮಾನವನ್ನು ಇಂಗ್ಲೆಂಡಿನಿಂದ ಭಾರತಕ್ಕೆ ಸುಮಾರು 27 ಗಂಟೆಗಳಲ್ಲಿ ಹಾರಿಸಿಕೊಂಡು ಬಂದರು. ಮದರಾಸಿನಲ್ಲಿ ಬ್ಲೂ ಕ್ರಾಸ್ ಪ್ರಾಣಿದಯಾ ಸಂಸ್ಥೆಯನ್ನು ಕಟ್ಟಿದವರೂ ಇವರೇ. ಹೀಗಾಗಿ ಬರೆದವರೆಲ್ಲ 'ಸುಂದರಂ ದಂಪತಿ' ಎಂದೇ ಬರೆದರು. ಹೆಣ್ಣಿನ ಸಾಧನೆಯನ್ನು ಗಂಡನ ಹೆಸರಿನ ಜೊತೆ ಹೊಲಿದುಬಿಡುವುದು ನಮಗೆ ರೂಢಿ. ಆದರೆ ಪೈಲಟ್ ಲೈಸೆನ್ಸ್ ಈ ರೂಢಿಗೆ ಬಗ್ಗುವುದಿಲ್ಲ. ಒಬ್ಬರೇ ಹಾರಿ ತೋರಿಸದೆ ಅದು ಯಾರಿಗೂ ಸಿಗದು.

ಆ ಕಾಲದ ತರಬೇತಿ ವಿಮಾನ ಟೈಗರ್ ಮಾತ್ ಅನ್ನೇ ನೋಡಿ. ಒಂದರ ಹಿಂದೆ ಒಂದು, ಎರಡೇ ಸೀಟು, ಮೇಲೆ ಚಾವಣಿಯಿಲ್ಲ. ಮುಂದೆ ಗುರು, ಹಿಂದೆ ಶಿಷ್ಯ. ಕೆಲವು ಗಂಟೆಗಳ ಪಾಠವಾದ ಮೇಲೆ ಒಂದು ದಿನ ಗುರು ಕೆಳಗಿಳಿದು, ತನ್ನ ಸೀಟಿನ ಪಟ್ಟಿಗಳನ್ನು ಬಿಗಿಯಾಗಿ ಕಟ್ಟಿ, ಹೋಗು ಎನ್ನುತ್ತಾನೆ. ಮೇಲೇರಿ, ಮೈದಾನವನ್ನು ಒಂದು ಸುತ್ತು ಹಾಕಿ ಇಳಿಯಬೇಕು. ಅಷ್ಟು ಹೊತ್ತೂ ಕಣ್ಣೆದುರಿಗೆ ಖಾಲಿ ಸೀಟು.

ಜಕ್ಕೂರಿಗಿಂತ ಮೊದಲು ಲಾಹೋರ್ ಇದನ್ನು ಕಂಡಿತ್ತು. 1936ರಲ್ಲಿ 21ರ ಹರೆಯದ ತಾಯಿ ಸರಳಾ ಠಕ್ರಾಲ್ ಸೀರೆಯುಟ್ಟೇ ಜಿಪ್ಸಿ ಮಾತ್ ವಿಮಾನವನ್ನು ಒಬ್ಬರೇ ಹಾರಿಸಿದರು. ಅದೇ ವರ್ಷ ಅದೇ ಊರಿನಲ್ಲಿ ಹಿಜಾಬ್ ಇಮ್ತಿಯಾಜ್ ಅಲಿಯವರಿಗೂ ಲೈಸೆನ್ಸ್ ಸಿಕ್ಕಿತು. ಉರ್ದು ಓದಿದ ನಾವು ಅವರ ಕಥೆಗಳನ್ನು ಬಲ್ಲೆವು. ಅವರು ಹಾರಿದ್ದನ್ನು ಮಾತ್ರ ನಮ್ಮ ಮಕ್ಕಳಿಗೆ ಹೇಳಲಿಲ್ಲ.

ಇಂದು ಪೀಣ್ಯದ ಗಾರ್ಮೆಂಟ್ಸ್‌ಗೆ, ವೈಟ್‌ಫೀಲ್ಡಿನ ರಾತ್ರಿ ಪಾಳಿಗೆ ಹೊರಟ ಮಗಳನ್ನು ನಾವು ಕೇಳುವ ಮೊದಲ ಪ್ರಶ್ನೆ, 'ಜೊತೆಗೆ ಯಾರಿದ್ದಾರೆ?' ಆತಂಕ ಸುಳ್ಳಲ್ಲ, ರಸ್ತೆಗಳು ಸುರಕ್ಷಿತವಾಗಿಲ್ಲ. ರಸ್ತೆಗೆ ದೀಪ, ಬಸ್ಸಿಗೆ ಹೊತ್ತು, ಆಫೀಸಿಗೆ ಹೊಣೆ, ಇವೆಲ್ಲ ಬೇಕೇ ಬೇಕು. ಆ ಗುರುವೂ ಶಿಷ್ಯೆಯನ್ನು ಕೈಬಿಟ್ಟು ಇಳಿಯುತ್ತಿರಲಿಲ್ಲ. ಕಲಿಸಿ, ಯಂತ್ರವನ್ನು ಪರೀಕ್ಷಿಸಿ, ಗಾಳಿ ನೋಡಿ ಇಳಿಯುತ್ತಿದ್ದ. ಇಳಿಯುವುದೂ ಅವನ ಕರ್ತವ್ಯವೇ ಆಗಿತ್ತು. ಮನೆಯ ಹಿರಿಯರಾದ ನಾವು ಇದನ್ನು ಇನ್ನೂ ಕಲಿಯಬೇಕಾಗಿದೆ.