ಗೋದಲಿಯ ಹುಲ್ಲು ಮತ್ತು ಹಬ್ಬದ ಹೊರೆ

ಡಿಸೆಂಬರ್ ತಿಂಗಳು ಕಾಲಿಟ್ಟಿತೆಂದರೆ ನೆರೂಳಿನ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಮರಗಳೂ ಬಣ್ಣದ ನಕ್ಷತ್ರಗಳೂ ತುಂಬುತ್ತವೆ. ಅದರ ಜೊತೆಗೇ ನಮ್ಮ ಮಂಗಳೂರು ಕಡೆಯ ಕ್ರೈಸ್ತ ಬಾಂಧವರ ಮನೆಗಳಲ್ಲಿ ಒಂದು ಚಿಂತೆಯೂ ಮೂಡುತ್ತದೆ. ಊರಿನಲ್ಲಿ ಹತ್ತು ಕೈ ಸೇರಿ ಮಾಡುತ್ತಿದ್ದ ಕುಸ್ವಾರನ್ನು ಇಲ್ಲಿ ಗೃಹಿಣಿಯೊಬ್ಬಳೇ, ಕಚೇರಿಯಿಂದ ಲೋಕಲ್ ಹಿಡಿದು ಬಂದ ಮೇಲೆ, ನಿದ್ದೆಗೆಟ್ಟು ಮಾಡಬೇಕು. ಇಷ್ಟೆಲ್ಲ ಮಾಡದಿದ್ದರೆ ಹಬ್ಬ ಹಬ್ಬವಾಗದೆ? ಚರಿತ್ರೆ ಏನು ಹೇಳುತ್ತದೆಂದು ನೋಡೋಣ.

ಗೋದಲಿಯೆಂದರೆ ದನಗಳಿಗೆ ಮೇವು ಹಾಕುವ ತೊಟ್ಟಿ. 1223ರ ಕ್ರಿಸ್ಮಸ್ ರಾತ್ರಿ ಇಟಲಿಯ ಗ್ರೆಚ್ಚೊ ಎಂಬ ಗುಡ್ಡದೂರಿನಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಒಂದು ಗೋದಲಿ, ಒಂದಿಷ್ಟು ಹುಲ್ಲು, ಒಂದು ಎತ್ತು, ಒಂದು ಕತ್ತೆ ಇವಿಷ್ಟನ್ನೇ ಇರಿಸಿ ಬಲಿಪೂಜೆ ಏರ್ಪಡಿಸಿದರು. ಯೇಸು ಹುಟ್ಟಿದ ಬಡತನವನ್ನು ಜನ ಕಣ್ಣಾರೆ ಕಾಣಲೆಂಬುದೇ ಅವರ ಆಶಯ. ಊರವರು ದೀವಟಿಗೆ ಹಿಡಿದು ಬಂದರು. ಆ ರಾತ್ರಿಯ ಸಂತೋಷಕ್ಕೆ ಬೇರೇನೂ ಬೇಕಾಗಲಿಲ್ಲ.

ಸರಳತೆಯೆಂದರೆ ನಿಷೇಧವೆಂದು ತಿಳಿದವರೂ ಉಂಟು. 1647ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಕ್ರಿಸ್ಮಸ್ ಆಚರಣೆಯನ್ನೇ ರದ್ದುಗೊಳಿಸಿತು. ಅದೇ ವರ್ಷ ಹಬ್ಬದ ದಿನ ಅಂಗಡಿ ತೆರೆಯಬೇಕೆಂಬ ಆಜ್ಞೆಯ ವಿರುದ್ಧ ಕ್ಯಾಂಟರ್‌ಬರಿಯಲ್ಲಿ ಜನ ದಂಗೆಯೆದ್ದರು. 1660ರಲ್ಲಿ ಅರಸೊತ್ತಿಗೆ ಮರಳಿದಾಗ ಆ ಕಾನೂನೂ ಬಿದ್ದುಹೋಯಿತು. ಮೇಲಿನಿಂದ ಹೇರಿದ ಸರಳತೆ ಮನಸ್ಸಿಗೆ ಇಳಿಯದು.

ಇನ್ನೊಂದು ಸ್ವಾರಸ್ಯ ಕೇಳಿ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಎಂಬ ಸರ್ಕಾರಿ ನೌಕರನಿಗೆ ಹಬ್ಬದ ಪತ್ರಗಳಿಗೆಲ್ಲ ಉತ್ತರ ಬರೆಯಲು ಪುರುಸೊತ್ತಿರಲಿಲ್ಲ. ಆತ ಹಾರ್ಸ್ಲಿ ಎಂಬ ಕಲಾವಿದನಿಂದ ಚಿತ್ರ ಬರೆಸಿ ಶುಭಾಶಯದ ಕಾರ್ಡು ಅಚ್ಚುಹಾಕಿಸಿದ. ನಡುವೆ ಔತಣದ ಕುಟುಂಬ, ಇಕ್ಕೆಲಗಳಲ್ಲಿ ಬಡವರಿಗೆ ಅನ್ನವಸ್ತ್ರ ನೀಡುವ ಚಿತ್ರ. ಹೊರೆ ಇಳಿಸಲೆಂದು ಹುಟ್ಟಿದ ಆ ಕಾರ್ಡೇ ಮುಂದೆ ಮನೆಮನೆಗೂ ಕಡ್ಡಾಯದ ಹೊರೆಯಾಯಿತು! ಹಬ್ಬವನ್ನು ಕಾಲಕಾಲಕ್ಕೆ ಹಗುರಗೊಳಿಸುತ್ತಲೇ ಇರಬೇಕೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಹಾಗಾದರೆ ಯಾವುದನ್ನು ಬಿಡಬೇಕು, ಯಾವುದನ್ನು ಉಳಿಸಿಕೊಳ್ಳಬೇಕು? ನೆವ್ರಿ, ಕಿಡಿಯೊ, ಗುಳಿಯೊ, ರೋಸ್ ಕುಕೀಸ್ ಎಲ್ಲವೂ ಇರಲೇಬೇಕೆಂದಿಲ್ಲ. ಎರಡೇ ತಿನಿಸು ಸಾಕು, ಆದರೆ ಮನೆಮಂದಿಯೆಲ್ಲ ಕೂಡಿ ಮಾಡಿದ್ದಾಗಿರಲಿ. ಬೆಲೆಬಾಳುವ ಗೋದಲಿಯ ಬದಲು ಮಕ್ಕಳು ರಟ್ಟಿನ ಪೆಟ್ಟಿಗೆಯಲ್ಲಿ ಕಟ್ಟಿ, ಊರಿನ ರೂಢಿಯಂತೆ ರಾಗಿ ಮೊಳಕೆ ಬರಿಸಿ ಹಸಿರು ಹಾಸಲಿ. ನೆರೆಮನೆಗೆ ಹೋಗುವ ಕುಸ್ವಾರಿನ ತಟ್ಟೆಯನ್ನು ಮಾತ್ರ ಬಿಡಬಾರದು. ಜಾತಿಮತ ಕೇಳದೆ ನಮ್ಮ ಬಾಗಿಲಿಗೂ ಬರುವ ಆ ತಟ್ಟೆಯಿಂದಲೇ ಅಲ್ಲವೆ, ಪರಊರಿನಲ್ಲಿ ನಾವು ಒಬ್ಬರಿಗೊಬ್ಬರು ನೆಂಟರಾದುದು?

ಈ ಮಾತು ನಮ್ಮ ದೀಪಾವಳಿಗೂ ಚೌತಿಗೂ ಸಲ್ಲುತ್ತದೆ. ಹಬ್ಬದ ಮರುದಿನ ಮನೆಯ ಹೆಂಗಸರ ಮುಖದಲ್ಲಿ ದಣಿವಷ್ಟೇ ಉಳಿದಿದ್ದರೆ ನಾವು ಎಲ್ಲೋ ತಪ್ಪಿದ್ದೇವೆಂದೇ ಅರ್ಥ. ಗ್ರೆಚ್ಚೊದ ಹುಲ್ಲನ್ನು ಒಮ್ಮೆ ನೆನೆಯೋಣ.